ಅಜ್ಜಿಯ ಕಥೆ, ಮಗುವಿನ ಮನಸ್ಸು



ಹನೂರಿನ ಆಸುಪಾಸಿನ ಯಾವುದಾದರೊಂದು ಹಳ್ಳಿಯ ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಮಳೆ ಕೈಕೊಟ್ಟ ವರ್ಷ. ಹೊಲದಲ್ಲಿ ಹಾಕಿದ ರಾಗಿ ಕೈಗೆ ಬಂದಿಲ್ಲ. ಅಪ್ಪ, ಅವ್ವ ಇಬ್ಬರೂ ಕೂಲಿಗೆಂದು ದೂರದ ಊರಿಗೆ ಹೋಗಿದ್ದಾರೆ. ಮನೆಯಲ್ಲಿ ಉಳಿದವರು ಅಜ್ಜಿ ಮತ್ತು ಏಳು ವರ್ಷದ ಮೊಮ್ಮಗ.

ಹುಡುಗನಿಗೆ ಊಟಕ್ಕೆ ಕಡಿಮೆಯಿಲ್ಲ, ಬಟ್ಟೆಗೆ ಕಡಿಮೆಯಿಲ್ಲ. ಆದರೂ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದೆ. ಜೊತೆಯ ಹುಡುಗರಿಗೆ ಸುಮ್ಮಸುಮ್ಮನೆ ಹೊಡೆಯುತ್ತಾನೆ. ಭಾನುವಾರ ಸಂಜೆ ಅವ್ವನ ಫೋನ್ ಬರುತ್ತದೆ.

"ಊಟ ಮಾಡಿದ್ಯಾ ಮಗ?"

"ಹೂಂ."

"ಸ್ಕೂಲಿಗೆ ಹೋಗ್ತಿದ್ದೀಯಾ?"

"ಹೂಂ."

"ಅಜ್ಜಿ ಮಾತು ಕೇಳ್ತೀಯಾ?"

"ಹೂಂ."

ಮಾತು ಮುಗಿಯಿತು. ಮೂರು ಪ್ರಶ್ನೆ, ಮೂರು 'ಹೂಂ'. ಹುಡುಗನಿಗೆ ನಿಜವಾಗಿ ಹೇಳಬೇಕಾಗಿದ್ದ ಮಾತು ಆ ಮೂರರಲ್ಲಿ ಒಂದರಲ್ಲೂ ಇಲ್ಲ. "ಏನ್ಲಾ ಆಗದೆ ನಿನಗೆ? ಏನು ಕಮ್ಮಿ ಮಾಡಿದ್ದೀನಿ?" ಎಂದು ಅಜ್ಜಿ ಗದರುತ್ತಾಳೆ. ಪಾಪ, ಅವಳ ತಪ್ಪೇನೂ ಇಲ್ಲ. ಹುಡುಗನ ತಪ್ಪೂ ಇಲ್ಲ. ತನಗೇನಾಗಿದೆ ಎಂದು ಅವನಿಗೇ ಗೊತ್ತಿಲ್ಲ.

ಇಂಥ ಮನೆಯನ್ನು ನೀವೂ ಕಂಡಿರುತ್ತೀರಿ. ಅಪ್ಪ ಅವ್ವ ಜೊತೆಯಲ್ಲೇ ಇರುವ ಮನೆಗಳಲ್ಲೂ ಇಂಥ ಮಕ್ಕಳಿದ್ದಾರೆ. ಈ ವಾರ ನಾವು ಆಲೋಚಿಸಬೇಕೆಂದಿರುವುದು ಈ ಹುಡುಗನ ಬಗ್ಗೆ, ಮತ್ತು ಅವನಿಗೆ ಒಂದು ಕಥೆ ಏನು ಮಾಡಬಲ್ಲದು ಎಂಬುದರ ಬಗ್ಗೆ.

ಹೇಳದೆ ಉಳಿದ ಕಥೆ

ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ವಿದ್ವಾಂಸ ಎ.ಕೆ. ರಾಮಾನುಜನ್ ಕನ್ನಡ ನಾಡಿನ ಮನೆಮನೆಗಳಿಂದ ಅಜ್ಜಿ ಕಥೆಗಳನ್ನು ಸಂಗ್ರಹಿಸಿ ಜಗತ್ತಿಗೆ ತಿಳಿಸಿದವರು. ಅವರು ಸಂಗ್ರಹಿಸಿದ ಕಥೆಗಳಲ್ಲಿ ಒಂದು ಹೀಗಿದೆ.

ಒಬ್ಬ ಗೃಹಿಣಿಗೆ ಒಂದು ಕಥೆ ಗೊತ್ತಿತ್ತು, ಒಂದು ಹಾಡೂ ಗೊತ್ತಿತ್ತು. ಆದರೆ ಆಕೆ ಕಥೆಯನ್ನು ಯಾರಿಗೂ ಹೇಳಲಿಲ್ಲ, ಹಾಡನ್ನು ಯಾರ ಮುಂದೆಯೂ ಹಾಡಲಿಲ್ಲ. ಒಳಗೇ ಬಿದ್ದು ಬಿದ್ದು ಅವಕ್ಕೆ ಉಸಿರು ಕಟ್ಟಿತು. ಒಂದು ದಿನ ಆಕೆ ಬಾಯಿ ತೆರೆದು ಮಲಗಿದ್ದಾಗ ಎರಡೂ ತಪ್ಪಿಸಿಕೊಂಡು ಹೊರಬಂದವು. ಕಥೆ ಒಂದು ಜೊತೆ ಜೋಡಿನ ರೂಪ ತಾಳಿ ಬಾಗಿಲಲ್ಲಿ ಕುಳಿತಿತು. ಹಾಡು ಗಂಡಸಿನ ಕೋಟಿನ ರೂಪ ತಾಳಿ ಗೂಟಕ್ಕೆ ನೇತುಹಾಕಿಕೊಂಡಿತು. ಮನೆಗೆ ಬಂದ ಗಂಡ ಎರಡನ್ನೂ ನೋಡಿದ. "ಯಾರು ಬಂದಿದ್ದರು?" ಎಂದು ಕೇಳಿದ. "ಯಾರೂ ಬಂದಿಲ್ಲ" ಎಂದಳು ಆಕೆ. ಅವನು ನಂಬಲಿಲ್ಲ. ಜಗಳವಾಯಿತು. ಅವನು ಕಂಬಳಿ ಹೊದ್ದು ಹನುಮಂತನ ಗುಡಿಗೆ ಮಲಗಲು ಹೋದ. ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ವಾಲೆಗಳು ಅದೇ ಗುಡಿಗೆ ಬಂದು ಸೇರಿ ಊರಿನ ಸುದ್ದಿ ಮಾತಾಡುತ್ತಿದ್ದವಂತೆ. ಅವುಗಳ ಬಾಯಿಂದ ಅವನಿಗೆ ನಿಜ ಸಂಗತಿ ತಿಳಿಯಿತು. ಬೆಳಗ್ಗೆ ಮನೆಗೆ ಬಂದು ಹೆಂಡತಿಯನ್ನು ಆ ಕಥೆ, ಆ ಹಾಡು ಏನೆಂದು ಕೇಳಿದ. ಆಕೆಗೆ ಎರಡೂ ಮರೆತೇಹೋಗಿದ್ದವು.

ನಗು ಬರಿಸುವ ಕಥೆ. ಆದರೆ ಎಷ್ಟು ಆಳವಾದ ಮಾತನ್ನು ನಮ್ಮ ಅಜ್ಜಿಯರು ಎಷ್ಟು ಹಗುರವಾಗಿ ಹೇಳಿದ್ದಾರೆ ನೋಡಿ! ಒಳಗೆ ಉಳಿದ ಮಾತು ಸುಮ್ಮನೆ ಉಳಿಯುವುದಿಲ್ಲ. ಅದು ಬೇರೆ ವೇಷ ತೊಟ್ಟು ಹೊರಬರುತ್ತದೆ, ನೋಡಿದವರು ಗುರುತು ಹಿಡಿಯದಂತೆ ಬಾಗಿಲಲ್ಲಿ ಕೂರುತ್ತದೆ. ನಮ್ಮ ಹುಡುಗನ ಹೊಟ್ಟೆನೋವು ಆ ಜೋಡು. ಅವನ ಹೊಡೆದಾಟ ಆ ಕೋಟು. ನಾವು ಜೋಡನ್ನು ಕಂಡು ಸಿಟ್ಟಾಗುತ್ತೇವೆ. ಅದರೊಳಗೊಂದು ಕಥೆ ಇದೆಯೆಂದು ನಮಗೆ ಹೊಳೆಯುವುದಿಲ್ಲ.

ಪುಟ್ಟ ಮನಸ್ಸಿಗೆ ಕಥೆ ಏಕೆ ಬೇಕು?

ದೊಡ್ಡವರಾದ ನಮಗೇ "ನನಗೆ ಅವಮಾನವಾಗಿದೆ", "ನನಗೆ ಅಸೂಯೆಯಾಗುತ್ತಿದೆ" ಎಂದು ಬಾಯಿಬಿಟ್ಟು ಹೇಳುವುದು ಕಷ್ಟ. ಮಗುವಿಗಂತೂ ಆ ಪದಗಳೇ ಇಲ್ಲ. ಮಗುವಿನ ಭಾವನೆಗಳು ದೊಡ್ಡವು, ಅದರ ಶಬ್ದಕೋಶ ಚಿಕ್ಕದು. ನಡುವಿನ ಈ ಹಳ್ಳಕ್ಕೆ ಕಥೆ ಒಂದು ಕಾಲುಸಂಕ.

ಕನ್ನಡದ ಮಕ್ಕಳಿಗೆ ತಲೆಮಾರುಗಳಿಂದ ಹೇಳಿಕೊಟ್ಟ ಗೋವಿನ ಹಾಡನ್ನೇ ತೆಗೆದುಕೊಳ್ಳಿ. ಪುಣ್ಯಕೋಟಿ ಎಂಬ ಹಸು, ಅರ್ಬುತನೆಂಬ ಹುಲಿ, ದೊಡ್ಡಿಯಲ್ಲಿ ಕಾಯುತ್ತಿರುವ ಕರು. ಸತ್ಯವಾಕ್ಯ ಪರಿಪಾಲನೆಯ ಕಥೆಯೆಂದು ನಾವು ಅದನ್ನು ಕಲಿಸುತ್ತೇವೆ. ಆದರೆ ಕೇಳುವ ಮಗು ಅಳುವುದು ಯಾವ ಜಾಗದಲ್ಲಿ? ತಾಯಿ ಕರುವನ್ನು ಬಿಟ್ಟು ಹೊರಡುವ ಜಾಗದಲ್ಲಿ. ದೊಡ್ಡವರಿಗೆ ಅದು ಸತ್ಯದ ಕಥೆ. ಮಗುವಿಗೆ ಅದು 'ಅವ್ವ ಹೋಗುತ್ತಾಳೆ, ಮತ್ತೆ ಬರುತ್ತಾಳೋ ಇಲ್ಲವೋ' ಎಂಬ ಕಥೆ. ಅವ್ವ ಕೂಲಿಗೆ ಹೋಗಿರುವ ಹುಡುಗನಿಗೆ ಇದಕ್ಕಿಂತ ಹತ್ತಿರವಾದ ಕಥೆ ಯಾವುದಿದ್ದೀತು?

ಇಲ್ಲಿ ಕಥೆ ಮಾಡುವ ಕೆಲಸವನ್ನು ಬಿಡಿಸಿ ನೋಡೋಣ.

ಮೊದಲನೆಯದು, ಕಥೆ ಭಾವನೆಗೆ ಹೆಸರು ಕೊಡುತ್ತದೆ. "ಕರುವಿಗೆ ದಿಗಿಲಾಯಿತು" ಎಂದು ಅಜ್ಜಿ ಹೇಳಿದಾಗ, ತನ್ನ ಹೊಟ್ಟೆಯಲ್ಲಿ ಬೆಳಗ್ಗೆ ಬೆಳಗ್ಗೆ ಆಗುವುದಕ್ಕೆ 'ದಿಗಿಲು' ಎಂಬ ಹೆಸರಿದೆ ಎಂದು ಮಗು ತಿಳಿಯುತ್ತದೆ. ಹೆಸರು ಸಿಕ್ಕ ಭಾವನೆ ಅರ್ಧ ಪಳಗಿದಂತೆ.

ಎರಡನೆಯದು, ಕಥೆ ಅದೇ ಭಾವನೆಯನ್ನು ಸ್ವಲ್ಪ ದೂರದಲ್ಲಿಟ್ಟು ತೋರಿಸುತ್ತದೆ. ಹೆದರಿದ್ದು ಕರು, ನಾನಲ್ಲ. ಆದ್ದರಿಂದ ನಾಚಿಕೆಯಿಲ್ಲದೆ ಅಳಬಹುದು. "ನಿನಗೆ ಅವ್ವನ ನೆನಪಾಗುತ್ತದಾ?" ಎಂದು ನೇರವಾಗಿ ಕೇಳಿದರೆ ಹುಡುಗ ತಲೆ ತಗ್ಗಿಸುತ್ತಾನೆ. "ಕರು ರಾತ್ರಿ ಏನು ಮಾಡಿತೋ?" ಎಂದು ಕೇಳಿದರೆ ಹೇಳಲು ಶುರುಮಾಡುತ್ತಾನೆ.

ಮೂರನೆಯದು, ಭಯಕ್ಕೆ ಒಂದು ಕೊನೆಯಿದೆ ಎಂದು ಕಥೆ ಕಲಿಸುತ್ತದೆ. ಹುಲಿ ಬರುವಾಗ ಮಗು ಅಜ್ಜಿಯ ಸೆರಗಿನೊಳಗೆ ಮುದುಡಿಕೊಳ್ಳುತ್ತದೆ. ಎದೆ ಢವಢವ ಎನ್ನುತ್ತದೆ. ಕಥೆ ಮುಂದೆ ಸಾಗಿದಂತೆ ಎದೆ ತಣ್ಣಗಾಗುತ್ತದೆ. ಭಯ ಏರುತ್ತದೆ, ಇಳಿಯುತ್ತದೆ, ಆಮೇಲೂ ನಾನು ಇರುತ್ತೇನೆ, ಅಜ್ಜಿಯೂ ಇರುತ್ತಾಳೆ. ಈ ಪಾಠವನ್ನು ಮಾತಿನಲ್ಲಿ ಹೇಳಿಕೊಡಲು ಆಗುವುದಿಲ್ಲ. ಮಡಿಲಲ್ಲಿ ಕೂತೇ ಕಲಿಯಬೇಕು. ಮಗು ಅದೇ ಕಥೆಯನ್ನು ನೂರು ಸಲ ಕೇಳುವುದು ಇದಕ್ಕೇ. ಒಂದು ಮಾತು ತಪ್ಪಿದರೂ "ಹಂಗಲ್ಲ ಅಜ್ಜಿ" ಎಂದು ತಿದ್ದುವುದೂ ಇದಕ್ಕೇ. ಮುಂದೇನಾಗುವುದೆಂದು ಗೊತ್ತಿರುವ ಒಂದು ಲೋಕವಾದರೂ ಅದಕ್ಕೆ ಬೇಕು.

ನಾಲ್ಕನೆಯದು, ಇನ್ನೊಬ್ಬರ ಒಳಗನ್ನು ನೋಡುವುದನ್ನು ಕಥೆ ಕಲಿಸುತ್ತದೆ. ನನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿರಬಹುದು, ನನಗೆ ಅನ್ನಿಸಿದಂತೆ ಅವರಿಗೆ ಅನ್ನಿಸದಿರಬಹುದು ಎಂಬ ಅರಿವು ಮಕ್ಕಳಲ್ಲಿ ನಾಲ್ಕೈದು ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಕಥೆ ಆ ಅರಿವಿನ ಗರಡಿಮನೆ. ತಾಯಿ ಮತ್ತೆ ಬರುತ್ತಾಳೆಂದು ಕೇಳುವ ಮಗುವಿಗೆ ಗೊತ್ತು. ಕರುವಿಗೆ ಗೊತ್ತಿಲ್ಲ. "ಅಯ್ಯೋ ಪಾಪ, ಅದಕ್ಕೆ ಗೊತ್ತಿಲ್ವಲ್ಲ!" ಎಂದು ಮಗು ಮರುಗುವಾಗ ಕರುಣೆಯ ಮೊದಲ ಮೊಳಕೆ ಒಡೆಯುತ್ತದೆ. ಕೊನೆಯಲ್ಲಿ ಹುಲಿ ಸಾಯುವಾಗ ಹುಲಿಗಾಗಿಯೂ ಅಳುವ ಮಕ್ಕಳಿದ್ದಾರೆ.

ಕೋಲೇ ಕುದುರೆ

ಕೇಳಿದ ಕಥೆ ಮಗುವಿನೊಳಗೆ ಸುಮ್ಮನೆ ಕೂರುವುದಿಲ್ಲ. ಮರುದಿನ ಅದು ಆಟವಾಗುತ್ತದೆ. ಒಂದು ಕೋಲು ಸಿಕ್ಕರೆ ಕುದುರೆ, ತೆಂಗಿನ ಚಿಪ್ಪು ಸಿಕ್ಕರೆ ಅಡುಗೆಮನೆ. ರಷ್ಯಾದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1930ರ ದಶಕದಲ್ಲಿ ಮಕ್ಕಳ ಆಟದ ಬಗ್ಗೆ ಬರೆದಾಗ ಇದೇ ಕೋಲುಕುದುರೆಯನ್ನು ಉದಾಹರಣೆಯಾಗಿ ತೆಗೆದುಕೊಂಡರು. ಕಣ್ಣೆದುರಿನ ವಸ್ತುವನ್ನು ಬಿಟ್ಟು ಮನಸ್ಸಿನ ಅರ್ಥವನ್ನು ಹಿಡಿಯಲು ಮಗು ಕಲಿಯುವುದು ಹೀಗೆ ಎಂದರು.

ಕಾಮಗೆರೆಯ ಆಸ್ಪತ್ರೆಗೋ ಕೊಳ್ಳೇಗಾಲದ ಆಸ್ಪತ್ರೆಗೋ ಹೋಗಿ ಸೂಜಿ ಚುಚ್ಚಿಸಿಕೊಂಡು ಬಂದ ಮಗುವನ್ನು ಗಮನಿಸಿ. ಮನೆಗೆ ಬಂದು ಅದು ಗೊಂಬೆಗೆ ಸೂಜಿ ಚುಚ್ಚುತ್ತದೆ. "ಅಳಬೇಡ, ಆಯ್ತು ಆಯ್ತು" ಎಂದು ಸಮಾಧಾನವನ್ನೂ ಹೇಳುತ್ತದೆ. ಆಸ್ಪತ್ರೆಯಲ್ಲಿ ಅದು ಅಸಹಾಯಕ. ಆಟದಲ್ಲಿ ಅದೇ ಡಾಕ್ಟರು, ಅದೇ ತಾಯಿ. ನೋವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವ ಈ ಶಕ್ತಿಗೇ ಕಲ್ಪನೆ ಎಂದು ಹೆಸರು. ಕಲ್ಪನೆಯೆಂದರೆ ಹಗಲುಗನಸಲ್ಲ, ಸೋಮಾರಿತನವಲ್ಲ. ಸಹಿಸಲಾಗದ್ದನ್ನು ಸಹಿಸಿಕೊಳ್ಳುವಂತೆ ಮಾಡಿಕೊಳ್ಳಲು ದೇವರು ಮಗುವಿಗೆ ಕೊಟ್ಟ ಸಾಧನ.

ಕೆಲವು ತಾಯಂದಿರಿಗೆ ಒಂದು ಆತಂಕ. "ನಮ್ಮ ಹುಡುಗ ಸುಳ್ಳು ಹೇಳುತ್ತಾನೆ. ಹಿತ್ತಲಿಗೆ ಆನೆ ಬಂದಿತ್ತು, ನನ್ನ ಜೊತೆ ಮಾತಾಡಿತು ಎನ್ನುತ್ತಾನೆ." ಕಾಡಂಚಿನ ನಮ್ಮ ಊರುಗಳಲ್ಲಿ ಆನೆ ಬಂದದ್ದು ನಿಜವೂ ಇರಬಹುದು! ಮಾತಾಡಿದ್ದಂತೂ ಕಲ್ಪನೆ. ನಾಲ್ಕೈದು ವರ್ಷದ ಮಗು ಹೀಗೆ ಹೇಳಿದರೆ ಅದು ಮೋಸ ಮಾಡುವ ಸುಳ್ಳಲ್ಲ. ಏಟು ತಪ್ಪಿಸಿಕೊಳ್ಳಲು ಹೇಳುವ ಸುಳ್ಳು ಬೇರೆ, ಲೋಕವನ್ನು ಹಿಗ್ಗಿಸಿ ನೋಡುವ ಮಾತು ಬೇರೆ. "ಹೌದಾ? ಆನೆ ಏನಂತು?" ಎಂದು ಕೇಳಿ ನೋಡಿ. ಆನೆಯ ಬಾಯಲ್ಲಿ ನಿಮ್ಮ ಮಗುವಿನ ಮನಸ್ಸೇ ಮಾತಾಡೀತು.

ನಮ್ಮ ಸೀಮೆಯ ಸಂಪತ್ತು

ಕಥೆಗಾಗಿ ನಾವು ದೂರ ಹೋಗಬೇಕಾಗಿಲ್ಲ. ಹನೂರು, ಕೊಳ್ಳೇಗಾಲ, ಯಳಂದೂರಿನ ಸೀಮೆಯಷ್ಟು ಕಥೆಗಳಿಂದ ತುಂಬಿದ ನೆಲ ಕನ್ನಡ ನಾಡಿನಲ್ಲಿ ಅಪರೂಪ.

ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ಹನೂರಿನ ರಸ್ತೆಯಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಭಕ್ತರನ್ನು ನೀವು ನೋಡಿಯೇ ಇದ್ದೀರಿ. ಆ ದೈವದ ಕಥೆಯನ್ನು ಕಂಸಾಳೆಯವರು ರಾತ್ರಿಯೆಲ್ಲ ಹಾಡುತ್ತಾರೆ. ಹೆಬ್ಬಣಿ ಮಾದಯ್ಯನವರು ಮತ್ತು ಸಂಗಡಿಗರು ಹಾಡಿದ ಆ ಮಹಾಕಾವ್ಯವನ್ನು ಕೇಶವನ್ ಪ್ರಸಾದ್ ಅವರು ಸಂಗ್ರಹಿಸಿದರು. ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು. ಗಂಡನ ಅನುಮಾನಕ್ಕೆ ಗುರಿಯಾಗಿ ಕಾಡಿನಲ್ಲಿ ಒಂಟಿಯಾಗಿ ನರಳುವ ಸಂಕಮ್ಮನ ಕಥೆ ಬರುವುದು ಈ ಕಾವ್ಯದಲ್ಲೇ. ಒಂಟಿಯಾದವಳ ಕೂಗನ್ನೂ ಕೇಳುವವರಿದ್ದಾರೆ ಎಂಬ ಭರವಸೆಯನ್ನು ಓದು ಬರಹ ಅರಿಯದ ಹಿರಿಯರು ಹಾಡಿಹಾಡಿ ಉಳಿಸಿದ್ದಾರೆ. ಚಿಕ್ಕಲ್ಲೂರಿನ ಸಿದ್ಧಪ್ಪಾಜಿಯ ಕಥೆಯನ್ನು ಮಂಟೇಸ್ವಾಮಿ ಪರಂಪರೆಯ ನೀಲಗಾರರು ಹಾಡುತ್ತಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕುಲದ ಹೆಣ್ಣನ್ನು ಮದುವೆಯಾದವನೆಂದು ರಂಗನಾಥನನ್ನು 'ಭಾವ' ಎಂದೇ ಕರೆಯುತ್ತಾರೆ. ದೇವರನ್ನು ನೆಂಟನನ್ನಾಗಿ ಮಾಡಿಕೊಳ್ಳುವ ಸಲುಗೆಯನ್ನು ಅವರಿಗೆ ಕೊಟ್ಟದ್ದು ಒಂದು ಕಥೆ.

ನಮ್ಮ ಮಾರ್ಟಳ್ಳಿ, ಸಂದನಪಾಳ್ಯದ ಕಡೆಯ ಅನೇಕ ಕುಟುಂಬಗಳಲ್ಲಿ ಮನೆಮಾತು ತಮಿಳು, ಶಾಲೆಯ ಮಾತು ಕನ್ನಡ. ಈ ಸೀಮೆ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು ಎಂಬುದನ್ನು ಹಿರಿಯರು ಬಲ್ಲರು. ಅಂಥ ಮನೆಗಳ ಪಾಟಿಯರಿಗೆ ಒಂದು ಮಾತು: ಕಥೆಯನ್ನು ತಮಿಳಿನಲ್ಲೇ ಹೇಳಿ, ಸಂಕೋಚ ಬೇಡ. ಮಗು ಮೊದಲು ಅತ್ತದ್ದು, ನಕ್ಕದ್ದು, ಹಟ ಮಾಡಿದ್ದು ಯಾವ ಮಾತಿನಲ್ಲೋ ಆ ಮಾತಿನ ಕಥೆಯೇ ಅದರ ಎದೆಗೆ ಬೇಗ ಇಳಿಯುತ್ತದೆ. ಶಾಲೆಯ ಭಾಷೆಗೆ ಅದರಿಂದ ನಷ್ಟವಿಲ್ಲ. ಒಂದು ಭಾಷೆಯಲ್ಲಿ ಕಥೆ ಹೇಳಬಲ್ಲ ಮಗು ಇನ್ನೊಂದರಲ್ಲೂ ಹೇಳಲು ಕಲಿಯುತ್ತದೆ.

ಪ್ರಭು ಯೇಸು ಹೇಳಿದ ಕಥೆಗಳು

ಕಥೆಯ ಶಕ್ತಿಯನ್ನು ಪವಿತ್ರ ಗ್ರಂಥ ಚೆನ್ನಾಗಿ ಬಲ್ಲದು. ಅರಸ ದಾವೀದ ಘೋರ ಪಾಪ ಮಾಡಿದಾಗ ಪ್ರವಾದಿ ನಾತಾನ ನೇರವಾಗಿ ಬೈಯಲಿಲ್ಲ. ಒಂದೇ ಒಂದು ಕುರಿಮರಿಯಿದ್ದ ಬಡವ, ಅದನ್ನೂ ಕಿತ್ತುಕೊಂಡ ಶ್ರೀಮಂತ, ಈ ಕಥೆ ಹೇಳಿದ. ದಾವೀದನಿಗೆ ಆ ಶ್ರೀಮಂತನ ಮೇಲೆ ಸಿಟ್ಟು ಉಕ್ಕಿತು. ಆಗ ನಾತಾನ ಆ ಮನುಷ್ಯ ನೀನೇ ಎಂದ. ಅಧಿಕಾರದ ಕೋಟೆಯೊಳಗೆ ಕುಳಿತಿದ್ದ ಅರಸನ ಹೃದಯಕ್ಕೆ ಕಥೆಯೊಂದೇ ದಾರಿ ಮಾಡಿಕೊಂಡಿತು.

ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯದಲ್ಲಿ ದುಂದುಗಾರ ಮಗನ ಸಾಮತಿ ಇದೆ. ಅದರ ಕೊನೆಯನ್ನು ಗಮನಿಸಿದ್ದೀರಾ? ಕಿರಿಯ ಮಗ ಮನೆ ಸೇರಿದ, ಹಬ್ಬ ನಡೆಯುತ್ತಿದೆ. ಹಿರಿಯ ಮಗ ಮುನಿಸಿಕೊಂಡು ಹೊರಗೆ ನಿಂತಿದ್ದಾನೆ. ತಂದೆ ಹೊರಗೆ ಬಂದು ಅವನನ್ನೂ ಕರೆಯುತ್ತಾನೆ. ಅಲ್ಲಿಗೆ ಸಾಮತಿ ನಿಲ್ಲುತ್ತದೆ. ಅಣ್ಣ ಒಳಗೆ ಹೋದನೇ, ಇಲ್ಲವೇ? ಪ್ರಭು ಹೇಳಲಿಲ್ಲ. ಕೇಳುವವರಿಗೆ ಬಿಟ್ಟರು. ತಮ್ಮನಿಗೆ ಹೊಸ ಅಂಗಿ ಬಂತು, ತನಗೆ ಬರಲಿಲ್ಲ ಎಂದು ಮುನಿಸಿಕೊಂಡ ಮಗುವಿಗೆ ಈ ಕಥೆ ಹೇಳಿ, "ನೀನಾಗಿದ್ದರೆ ಒಳಗೆ ಹೋಗುತ್ತಿದ್ದೆಯಾ?" ಎಂದು ಕೇಳಿ. 'ಅಸೂಯೆ ಪಾಪ' ಎಂಬ ಹತ್ತು ಉಪದೇಶ ಮಾಡದ ಕೆಲಸವನ್ನು ಆ ಪ್ರಶ್ನೆ ಮಾಡುತ್ತದೆ.

ಪೋಪ್ ಫ್ರಾನ್ಸಿಸ್ 2020ರ ಜಾಗತಿಕ ಸಂಪರ್ಕ ದಿನದ ಸಂದೇಶವನ್ನು ಕಥೆ ಹೇಳುವುದಕ್ಕೇ ಮೀಸಲಿಟ್ಟಿದ್ದರು. ಅವರು ಆರಿಸಿಕೊಂಡ ವಾಕ್ಯ ವಿಮೋಚನಕಾಂಡ 10:2. ದೇವರ ಕಾರ್ಯಗಳನ್ನು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳಬೇಕು ಎಂಬುದು ಅಲ್ಲಿನ ಆಜ್ಞೆ. ಕಥೆ ಹೇಳುವುದು ಬಿಡುವಿದ್ದವರ ಹವ್ಯಾಸವಲ್ಲ, ನಮಗೆ ವಹಿಸಿದ ಕರ್ತವ್ಯ.

ಎರಡು ಎಚ್ಚರಿಕೆಗಳು

ಒಂದು: ಹೆದರಿಸಲು ಕಥೆ ಬಳಸಬೇಡಿ. "ಉಣ್ಣದಿದ್ದರೆ ಗುಮ್ಮ ಬರ್ತಾನೆ", "ಪೊಲೀಸಿನವರು ಹಿಡಿದುಕೊಂಡು ಹೋಗ್ತಾರೆ", ಎಲ್ಲಕ್ಕಿಂತ ಕ್ರೂರವಾದ "ಹಿಂಗೇ ಮಾಡ್ತಿದ್ದರೆ ನಿಮ್ಮವ್ವ ಬರಲ್ಲ". ಇವು ಕಥೆಗಳಲ್ಲ, ಕೋಲುಗಳು. ಕಥೆಯ ಹುಲಿ ಬರುತ್ತದೆ, ಹೋಗುತ್ತದೆ. ಈ ಗುಮ್ಮ ಬಂದರೆ ಹೋಗುವುದೇ ಇಲ್ಲ, ರಾತ್ರಿಯೆಲ್ಲ ಮಂಚದ ಕೆಳಗೆ ಕೂತಿರುತ್ತಾನೆ.

ಎರಡು: ದುಃಖದ ಸಂಗತಿಯನ್ನು ಮಕ್ಕಳಿಂದ ಮುಚ್ಚಿಟ್ಟರೆ ಅವರು ಕ್ಷೇಮವಾಗಿರುತ್ತಾರೆ ಎಂದು ತಿಳಿಯಬೇಡಿ. 2018ರ ಡಿಸೆಂಬರ್ 14ರಂದು ನಮ್ಮ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದ ತಿಂದು 17 ಮಂದಿ ತೀರಿಕೊಂಡರು, ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅಂಥ ದಿನಗಳಲ್ಲಿ ಹಿರಿಯರು ಮಕ್ಕಳ ಮುಂದೆ ಮಾತು ನಿಲ್ಲಿಸುತ್ತಾರೆ. ಮಗು ಬಂದೊಡನೆ ಎಲ್ಲರೂ ಸುಮ್ಮನಾಗುತ್ತಾರೆ. ಆದರೆ ಮಗುವಿಗೆ ಕಣ್ಣಿದೆ, ಕಿವಿಯಿದೆ. ಯಾರೂ ಹೇಳದ ಕಥೆಯನ್ನು ಅದು ತಾನೇ ಕಟ್ಟಿಕೊಳ್ಳುತ್ತದೆ. ಹಾಗೆ ಕಟ್ಟಿಕೊಂಡ ಕಥೆಯಲ್ಲಿ ಎಷ್ಟೋ ಸಲ ತಪ್ಪಿತಸ್ಥ ತಾನೇ ಆಗಿರುತ್ತದೆ: 'ನಾನು ಹಟ ಮಾಡಿದ್ದಕ್ಕೆ ಅಪ್ಪ ಹೋದ' ಎಂದು. ಆದ್ದರಿಂದ ಸತ್ತವರ ಕಥೆಯನ್ನು ಮಗುವಿಗೆ ಹೇಳಿ. ನಿನ್ನಪ್ಪ ಚಿಕ್ಕವನಾಗಿದ್ದಾಗ ಯಾವ ಮರ ಹತ್ತಿ ಬಿದ್ದ, ನಿನ್ನನ್ನು ಮೊದಲು ಎತ್ತಿಕೊಂಡಾಗ ಏನೆಂದ, ಇವೆಲ್ಲ ಮಗುವಿನ ಆಸ್ತಿ. ಸಾವು ಬಂದದ್ದು ಅದರ ತಪ್ಪಿನಿಂದಲ್ಲ ಎಂಬ ಮಾತನ್ನೂ ಸ್ಪಷ್ಟವಾಗಿ ಹೇಳಿ.

ಇನ್ನು ಮೊಬೈಲಿನ ಮಾತು. ಅಳುವ ಮಗುವಿನ ಕೈಗೆ ಫೋನ್ ಕೊಟ್ಟರೆ ಅಳು ನಿಲ್ಲುತ್ತದೆ, ನಿಜ. ಆದರೆ ಅಳುವಿನ ಕಾರಣ ಹಾಗೇ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದೂ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆಗಿಂತ ಹೆಚ್ಚು ಬೇಡವೆಂದೂ ಹೇಳಿದೆ. ಮಗು ಕುಳಿತಿರುವ ಹೊತ್ತಿನಲ್ಲಿ ಹಿರಿಯರು ಓದಿ ಹೇಳುವುದು, ಕಥೆ ಹೇಳುವುದು ಒಳ್ಳೆಯದೆಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಫೋನಿನಲ್ಲೂ ಕಥೆಗಳಿವೆಯಲ್ಲ ಎನ್ನುವಿರಿ. ಇವೆ. ಆದರೆ ಫೋನು ಮಗುವಿನ ಮುಖ ನೋಡುವುದಿಲ್ಲ. ಹುಲಿ ಬಂದಾಗ ಮಗು ಹೆದರಿತೆಂದು ದನಿ ತಗ್ಗಿಸುವುದಿಲ್ಲ. "ಆಮೇಲೆ?" ಎಂದು ಕೇಳಿದರೆ ಉತ್ತರಿಸುವುದಿಲ್ಲ.

ಮನೆಯಲ್ಲಿ ನೀವು ಮಾಡಬಹುದಾದದ್ದು

1. ದಿನಕ್ಕೆ ಹದಿನೈದು ನಿಮಿಷ ಸಾಕು. ಮಲಗುವ ಮುಂಚೆ, ಪ್ರಾರ್ಥನೆ ಮುಗಿದ ಮೇಲೆ, ದೀಪ ಸಣ್ಣದು ಮಾಡಿ, ಫೋನ್ ದೂರವಿಟ್ಟು ಕುಳಿತುಕೊಳ್ಳಿ. ತಂದೆಯರೂ ಹೇಳಬೇಕು. ಕಥೆ ಹೆಂಗಸರ ಕೆಲಸವೆಂಬುದು ತಪ್ಪು ಕಲ್ಪನೆ.

2. ಪುಸ್ತಕ ಇಲ್ಲದಿದ್ದರೆ ಚಿಂತೆಯಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ ಯಾರಿಗೆ ಬರುವುದಿಲ್ಲ? ಅದೂ ಮರೆತಿದ್ದರೆ ನಿಮ್ಮ ಬಾಲ್ಯದ ಕಥೆ ಹೇಳಿ. ನೀವು ಹೆದರಿದ್ದು, ಸೋತದ್ದು, ಅತ್ತದ್ದು ಕೂಡ ಅದರಲ್ಲಿರಲಿ. ಅಪ್ಪನೂ ಒಮ್ಮೆ ಹೆದರಿದ್ದ ಎಂದು ತಿಳಿದರೆ ಮಗುವಿನ ಹೆಗಲ ಭಾರ ಇಳಿಯುತ್ತದೆ.

3. ಹೂಂಗುಟ್ಟಲು ಬಿಡಿ, ನಡುವೆ ಪ್ರಶ್ನೆ ಕೇಳಲು ಬಿಡಿ. ಬಾಯಿ ಮುಚ್ಚಿ ಕೇಳು ಎನ್ನಬೇಡಿ. ಕಥೆ ಇಬ್ಬರು ಸೇರಿ ಎಳೆಯುವ ತೇರು.

4. ಕಥೆ ಮುಗಿದೊಡನೆ "ಇದರ ನೀತಿ ಏನು?" ಎಂದು ಕೇಳಬೇಡಿ. ಅದು ಶಾಲೆಯ ಪರೀಕ್ಷೆಯಲ್ಲ. ಬಿತ್ತಿದ ರಾಗಿಯನ್ನು ಮರುದಿನವೇ ಕೆದಕಿ ನೋಡುವ ರೈತನುಂಟೇ?

5. ಕೊನೆಯನ್ನು ಬದಲಿಸಲು ಮಗುವಿಗೆ ಅವಕಾಶ ಕೊಡಿ. "ನೀನೇ ಹೇಳು, ಆಮೇಲೆ ಏನಾಯ್ತು?" ಎಂದು ಬಿಟ್ಟುಕೊಡಿ. ಅದರ ಮನಸ್ಸಿನ ಒಳಮನೆ ನಿಮಗೆ ಕಾಣುವುದು ಅಲ್ಲಿ. ಕಂಡದ್ದನ್ನು ನೆರೆಹೊರೆಯವರ ಮುಂದೆ ನಗೆಚಾಟಿಕೆ ಮಾಡಬೇಡಿ.

6. ದೂರದ ಊರಿನಲ್ಲಿರುವ ತಂದೆತಾಯಿಗಳೇ, ಫೋನಿನಲ್ಲಿ ಊಟದ ಪ್ರಶ್ನೆ ಒಂದು ಸಲ ಸಾಕು. ಉಳಿದ ಐದು ನಿಮಿಷ ಒಂದು ಕಥೆ ಹೇಳಿ. ಅರ್ಧಕ್ಕೆ ನಿಲ್ಲಿಸಿ, "ಮುಂದಿನ ವಾರ ಹೇಳ್ತೀನಿ" ಎಂದು ಮಾತು ಕೊಡಿ. ಆ ಮಾತನ್ನು ತಪ್ಪದೆ ಉಳಿಸಿಕೊಳ್ಳಿ. ಬರುವ ದಿನ ಖಚಿತವಾಗಿ ಗೊತ್ತಿಲ್ಲದಿದ್ದರೆ ಸುಳ್ಳು ದಿನ ಹೇಳಬೇಡಿ.

ಕಥೆ ಎಲ್ಲ ಕಾಯಿಲೆಗೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಹೊಟ್ಟೆನೋವೆಂದರೆ ಮೊದಲು ವೈದ್ಯರಿಗೆ ತೋರಿಸಿ. ವಾರಗಟ್ಟಲೆ ಮಗು ಸರಿಯಾಗಿ ಉಣ್ಣದಿದ್ದರೆ, ನಿದ್ದೆ ಮಾಡದಿದ್ದರೆ, ಮಾತೇ ಬಿಟ್ಟರೆ, ತನಗೆ ತಾನೇ ನೋವು ಮಾಡಿಕೊಂಡರೆ ತಡಮಾಡಬೇಡಿ. ಸರ್ಕಾರದ ಟೆಲಿ ಮಾನಸ್ 14416 ದೂರವಾಣಿಯಲ್ಲಿ ಮನಸ್ಸಿನ ತೊಂದರೆಗಳಿಗೆ ಉಚಿತ ಸಲಹೆ ಸಿಗುತ್ತದೆ. ಮಗುವಿಗೆ ಯಾರಿಂದಲಾದರೂ ಅಪಾಯವಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಅಲ್ಲಿಗೆ ಹೋಗುವುದು ನಾಚಿಕೆಯ ವಿಷಯವಲ್ಲ.

ಮತ್ತೆ ಆ ಮನೆಗೆ

ಈಗ ನಾವು ಮೊದಲು ಕಂಡ ಮನೆಗೆ ಹಿಂದಿರುಗೋಣ. ಒಂದು ರಾತ್ರಿ ಕರೆಂಟು ಹೋಗಿದೆ. ಅಜ್ಜಿ ಗದರುವುದನ್ನು ಬಿಟ್ಟು, ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗೋವಿನ ಕಥೆ ಹೇಳುತ್ತಾಳೆ. ಹುಡುಗ ಹೂಂಗುಟ್ಟುತ್ತಾನೆ. ಫೋನಿನ 'ಹೂಂ' ಬಾಗಿಲು ಹಾಕುವ ಹೂಂ. ಇದು 'ಮುಂದೆ ಹೇಳು' ಎಂಬ ಹೂಂ. ಕಥೆ ಹುಲಿಯವರೆಗೆ ಬರುತ್ತದೆ. ಹೂಂ ನಿಲ್ಲುತ್ತದೆ. ನಿದ್ದೆ ಬಂತೇನೋ ಎಂದು ಅಜ್ಜಿ ಬಗ್ಗಿ ನೋಡುತ್ತಾಳೆ. ಕತ್ತಲಲ್ಲಿ ಹುಡುಗನ ದನಿ: "ಅಜ್ಜಿ, ಹುಲೀಗೂ ಅವ್ವ ಇರ್ತಾಳಾ?"

"ಇರ್ತಾಳೆ ಕಣ್ ಮಗ."

"ಮತ್ತೆ ಅವಳು ಎಲ್ಗೋಗಿದ್ಲು?"

ಅಜ್ಜಿಗೆ ಈಗ ಎಲ್ಲವೂ ಅರ್ಥವಾಗುತ್ತದೆ. ಬಾಗಿಲಲ್ಲಿ ಇಷ್ಟು ದಿನ ಕುಳಿತಿದ್ದ ಜೋಡು ಯಾರದೆಂದು ಗೊತ್ತಾಗುತ್ತದೆ. ಅವಳು ಉಪದೇಶ ಮಾಡುವುದಿಲ್ಲ. "ಹುಲಿಯವ್ವ ಮರಿಗೆ ಊಟ ತರಕ್ಕೆ ಹೋಗಿದ್ದಳೇನೋ. ದಾರಿ ದೂರ ಇತ್ತು. ಮರಿ ಏನಂದ್ಕೊಂಡಿತ್ತು, ನೀನೇ ಹೇಳು ನೋಡವ" ಎನ್ನುತ್ತಾಳೆ. ಹುಡುಗ ಹೇಳತೊಡಗುತ್ತಾನೆ. ಮರಿ ಎಷ್ಟು ಕಾದಿತ್ತು, ಅವ್ವ ಬರುತ್ತೀನಿ ಎಂದ ದಿನ ಬರದಿದ್ದಾಗ ಅದಕ್ಕೆ ಎಷ್ಟು ಸಿಟ್ಟು ಬಂದಿತ್ತು, ಅದಕ್ಕೇ ಅದು ಎಲ್ಲರನ್ನೂ ಕಚ್ಚುತ್ತಿತ್ತು.

ಈ ಒಂದು ರಾತ್ರಿಯಿಂದ ಅವನ ಅವ್ವ ಊರಿಗೆ ಬಂದುಬಿಡುವುದಿಲ್ಲ. ಹೊಲಕ್ಕೆ ಮಳೆಯೂ ಆಗುವುದಿಲ್ಲ. ಹಾಸಿಗೆ ಇನ್ನೂ ಕೆಲವು ದಿನ ಒದ್ದೆಯಾಗಬಹುದು. ಆದರೆ ಮುಂದಿನ ಭಾನುವಾರ ಫೋನ್ ಬಂದಾಗ ಅವನ ಬಾಯಲ್ಲಿ 'ಹೂಂ' ಒಂದೇ ಇರುವುದಿಲ್ಲ. "ನೀನು ಹೇಳಿದ ದಿನ ಯಾಕ್ ಬರಲಿಲ್ಲ ಅವ್ವ?" ಎಂದು ಕೇಳುವ ಧೈರ್ಯ ಅವನಿಗೆ ಬಂದಿರುತ್ತದೆ. ಕೇಳಿದ ಅವ್ವ ಅಳಬಹುದು. ಅಳಲಿ. ತಾಯಿ ಮಗನ ನಡುವೆ ಮತ್ತೆ ಮಾತು ಹುಟ್ಟಿತಲ್ಲ!

ನಿಮ್ಮ ಮನೆಯಲ್ಲೂ ಯಾವುದೋ ಒಂದು ಕಥೆ ಹೊರಬರಲು ಕಾಯುತ್ತಿರಬಹುದು. ಇಂದು ರಾತ್ರಿ ದೀಪ ಆರಿಸುವ ಮುಂಚೆ ಮಗುವಿನ ಪಕ್ಕ ಕುಳಿತು, "ಒಂದಾನೊಂದು ಊರಿನಲ್ಲಿ..." ಎಂದು ಶುರುಮಾಡಿ.

ಕುಟುಂಬದಲ್ಲಿ ಚಿಂತನೆಗೆ

1. ನಿಮಗೆ ಚಿಕ್ಕಂದಿನಲ್ಲಿ ಕಥೆ ಹೇಳಿದವರು ಯಾರು? ಆ ಕಥೆಗಳಲ್ಲಿ ಯಾವುದನ್ನು ನಿಮ್ಮ ಮಕ್ಕಳಿಗೆ ಹೇಳಿದ್ದೀರಿ?

2. ನಿಮ್ಮ ಮಗುವಿನ ಹಟ, ಸಿಟ್ಟು ಅಥವಾ ಮೌನದ ಹಿಂದೆ ಹೇಳಲಾಗದ ಮಾತೊಂದು ಇರಬಹುದೇ?

3. ದುಂದುಗಾರ ಮಗನ ಸಾಮತಿಯನ್ನು (ಲೂಕ 15:11-32) ಮನೆಯವರೆಲ್ಲ ಕೂಡಿ ಓದಿ. ಹಿರಿಯ ಮಗ ಮುಂದೇನು ಮಾಡಿದ ಎಂಬುದನ್ನು ಮಕ್ಕಳೇ ಹೇಳಲಿ. ಹಿರಿಯರು ಹೂಂಗುಟ್ಟಲಿ.